ರೇಡಿಯೋ ಬಾಗಿಲು ತಟ್ಟಿದ ಲೊರೆಟಾ

ಕೇಳುಗರೇ, ನಮಸ್ಕಾರ. ಈ ದಿನ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಲೊರೆಟಾ ಲಿನ್ ವಿಚಾರ. ಹಾಡುಗಾರ್ತಿ, ತನ್ನ ಹಾಡು ತಾನೇ ಬರೆದವರು. ರೇಡಿಯೋದವರಾದ ನಮಗೂ ಅವರ ಕತೆಯಲ್ಲಿ ಪಾಲಿದೆ. ಎಲ್ಲವೂ ಹೆಮ್ಮೆಪಡುವಂಥದ್ದಲ್ಲ, ಅಷ್ಟೇ.

ಹುಟ್ಟಿದ್ದು 1932ರಲ್ಲಿ, ಕೆಂಟಕಿಯ ಬುಚರ್ ಹಾಲೋ ಎಂಬ ಗುಡ್ಡಗಾಡಿನ ಊರಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ. ಮನೆತುಂಬ ಎಂಟು ಮಕ್ಕಳು. ಶನಿವಾರ ರಾತ್ರಿ ಬ್ಯಾಟರಿ ರೇಡಿಯೋ ಸುತ್ತ ಎಲ್ಲರೂ ಕೂತರೆ ನ್ಯಾಶ್‌ವಿಲ್ ನಗರದ ವೇದಿಕೆಯಿಂದ ನೇರವಾಗಿ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಕಂಟ್ರಿ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು. 15ಕ್ಕೇ ಮದುವೆ. ಆಮೇಲೆ ದೇಶದ ಇನ್ನೊಂದು ತುದಿ, ವಾಷಿಂಗ್ಟನ್ ರಾಜ್ಯದ ಕಸ್ಟರ್‌ನಲ್ಲಿ ಸಂಸಾರ. ಇಪ್ಪತ್ತರ ಆಸುಪಾಸಿಗೆ ನಾಲ್ಕು ಮಕ್ಕಳು.

ಗಂಡ 17 ಡಾಲರ್ ಕೊಟ್ಟು ಒಂದು ಗಿಟಾರ್ ತಂದ. ಈ ಮನುಷ್ಯನನ್ನು ಬೈಯಬೇಕೋ ಹೊಗಳಬೇಕೋ ನನಗಂತೂ ತಿಳಿಯದು. ಕುಡುಕ, ಹೆಂಗಸರ ಹುಚ್ಚು ಬೇರೆ. ಆದರೆ ಹೆಂಡತಿಯ ಕಂಠ ಎಂಥದ್ದು ಅಂತ ಮೊದಲು ಗೊತ್ತಾದದ್ದು ಅವನಿಗೇ.

1960ರಲ್ಲಿ ಝೀರೋ ಎಂಬ ಪುಟ್ಟ ಕಂಪನಿ ಮೊದಲ ರೆಕಾರ್ಡ್ ತಂದಿತು. ಪ್ರಚಾರಕ್ಕೆ ಯಾರಿದ್ದಾರೆ? ಗಂಡಹೆಂಡತಿ ಇಬ್ಬರೇ ಕಾರು ಹತ್ತಿ ಹೊರಟರು. ದಾರಿಯಲ್ಲಿ ಸಿಕ್ಕ ಸ್ಟೇಷನ್ನಿಗೆಲ್ಲ ಹೋಗಿ, ಒಂದು ಸಲ ನನ್ನ ಹಾಡು ಹಾಕಿ ಅಂತ ಕೇಳುವುದು. ರಾತ್ರಿ ಕಾರಿನಲ್ಲೇ ನಿದ್ದೆ. ಹೀಗೆ ತಿರುಗಿದ್ದಕ್ಕೆ ಹಾಡು ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಬಂತು. ಅದೇ ವರ್ಷ ಆಪ್ರಿ ವೇದಿಕೆಯನ್ನೂ ಹತ್ತಿದರು. ಚಿಕ್ಕಂದಿನಲ್ಲಿ ಬ್ಯಾಟರಿ ಉಳಿಸಿ ಉಳಿಸಿ ಕೇಳಿದ ಆಪ್ರಿ!

ಆಮೇಲೆ ಡೆಕ್ಕಾ ಕಂಪನಿ ಸೇರಿದರು. ಹಾಡಿಗೆ ವಸ್ತು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲೇ ಬೇಕಾದಷ್ಟಿತ್ತು. ಕುಡಿದು ಮನೆಗೆ ಬಂದು ಸರಸಕ್ಕೆ ನಿಲ್ಲಬೇಡ ಅಂತ ಗಂಡನಿಗೆ ಹೇಳುವ ಹಾಡು 1967ರಲ್ಲಿ ಒಂದನೇ ಸ್ಥಾನಕ್ಕೇರಿತು. ಅವರ ಮೊದಲ ನಂಬರ್ ಒನ್ ಅದು. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಅತಿ ದೊಡ್ಡ ಪ್ರಶಸ್ತಿ, 'ಎಂಟರ್‌ಟೇನರ್ ಆಫ್ ದಿ ಇಯರ್' ಸಿಕ್ಕಿತು. ಅದನ್ನು ಪಡೆದ ಮೊದಲ ಹೆಣ್ಣು ಇವರೇ.

1975ರಲ್ಲಿ ಬಂದದ್ದು 'ದಿ ಪಿಲ್'. ವರ್ಷ ವರ್ಷ ಹೆತ್ತು ಸುಸ್ತಾದ ಹೆಂಗಸೊಬ್ಬಳು, ಇನ್ನು ನನ್ನ ಹತ್ತಿರ ಗರ್ಭ ತಡೆಯುವ ಮಾತ್ರೆ ಇದೆ ಅಂತ ಗಂಡನಿಗೆ ಹೇಳುವ ಹಾಡು. ನಗುನಗುತ್ತಲೇ ಹೇಳುತ್ತಾಳೆ. ಎಷ್ಟೋ ಸ್ಟೇಷನ್‌ಗಳು ಇದನ್ನು ಹಾಕುವುದಿಲ್ಲ ಅಂದವು. ಪಾದ್ರಿಗಳೂ ಬೈದರು. ಹಾಡು ಮಾತ್ರ ಕಂಟ್ರಿ ಪಟ್ಟಿಯಲ್ಲಿ ಐದನೇ ಸ್ಥಾನದವರೆಗೆ ಹೋಯಿತು.

ಲೊರೆಟಾ 2022ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಈಗ ಅವರದೊಂದು ಹಾಡು ಹಾಕುತ್ತಿದ್ದೇವೆ. ಕಾರಿನಲ್ಲಿ ಊರೂರು ಹೊತ್ತು ತಿರುಗಿದ ಆ ಮೊದಲ ಹಾಡು.