ತವರಿಗೆ ಹೋಗಿದ್ದು ಯಾವಾಗ?

ಕೇಳುಗರಿಗೆ ನಮಸ್ಕಾರ.

ಮದುವೆ ಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ನನ್ನ ಕೆಲಸ ಏನು ಅಂತ ಕೇಳಿದರೆ ನಾನು ಒಮ್ಮೊಮ್ಮೆ ಸುಮ್ನೆ ಟೀಚರ್ ಅಂದುಬಿಡುತ್ತೇನೆ. ಯಾಕೆಂದರೆ ಅಪರಾಧ ಪ್ರಕರಣಗಳಲ್ಲಿ ಮನಸ್ಸಿನ ಪರೀಕ್ಷೆ ಮಾಡುವ ಫೊರೆನ್ಸಿಕ್ ಸೈಕಾಲಜಿಸ್ಟ್ ಅಂದ ತಕ್ಷಣ ಅವರ ಹೋಳಿಗೆ ಅಲ್ಲೇ ನಿಲ್ಲುತ್ತದೆ. "ಹಾಗಾದ್ರೆ ನನ್ನ ಮುಖ ನೋಡಿದ್ರೆ ಸುಳ್ಳು ಹೇಳ್ತಿದ್ದೀನಾ ಇಲ್ವಾ ಅಂತ ಗೊತ್ತಾಗುತ್ತೇನ್ರೀ?"

ಗೊತ್ತಾಗುವುದಿಲ್ಲ. ನನಗೂ ಇಲ್ಲ, ನಿಮಗೂ ಇಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅಂತ ಅಮೆರಿಕದ ಇಬ್ಬರು ಸಂಶೋಧಕರು 2006ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಮಾಡಿದರು. ಒಟ್ಟು 24 ಸಾವಿರಕ್ಕೂ ಹೆಚ್ಚು ಜನ, ಎದುರಿನವರು ಹೇಳಿದ್ದು ನಿಜವೋ ಸುಳ್ಳೋ ಅಂತ ಊಹಿಸಿದ್ದರು. ಸರಿಯಾಗಿದ್ದು ನೂರಕ್ಕೆ 54. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ, ಅಲ್ವಾ? ಪೊಲೀಸರು, ನ್ಯಾಯಾಧೀಶರು ಅಂತ ಬೇರೆ ಮಾಡಿ ನೋಡಿದರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ. ಕಣ್ಣು ತಪ್ಪಿಸಿದ, ಬೆವರಿದ, ತೊದಲಿದ ಅಂತೆಲ್ಲ ನಾವು ಹೇಳುತ್ತೇವೆ. ಠಾಣೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂರಿಸಿದರೆ ಯಾರಿಗೆ ಬೆವರುವುದಿಲ್ಲ ಹೇಳಿ.

ಯಂತ್ರದ ಕಥೆಯೂ ಅದೇ. ಸುಳ್ಳು ಪತ್ತೆ ಯಂತ್ರ ಅನ್ನುತ್ತೇವೆ, ಆದರೆ ಅದು ಅಳೆಯುವುದು ಉಸಿರು, ರಕ್ತದೊತ್ತಡ, ಅಂಗೈಯ ಬೆವರು. ಸುಳ್ಳನ್ನು ಅಳೆಯುವ ಮುಳ್ಳು ಅದರಲ್ಲಿ ಇಲ್ಲವೇ ಇಲ್ಲ. ಒಂದು ಕಾಲದಲ್ಲಿ ನಮ್ಮ ಬೆಂಗಳೂರು ಮಂಪರು ಪರೀಕ್ಷೆಗೆ ದೇಶಕ್ಕೆಲ್ಲ ಹೆಸರಾಗಿತ್ತು, ದೊಡ್ಡ ದೊಡ್ಡ ಕೇಸಿನ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು, ಮಂಪರಿನಲ್ಲಿ ಅವರು ಬಡಬಡಿಸಿದ್ದು ಸಂಜೆಗೆ ಟಿವಿಯಲ್ಲಿ ಬರುತ್ತಿತ್ತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಅದಕ್ಕೆ ಲಗಾಮು ಹಾಕಿತು. ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆಗಳನ್ನು ಮಾಡುವಂತಿಲ್ಲ ಎಂದಿತು. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮಂಪರಿನಲ್ಲಿ ಮನುಷ್ಯ ನಿಜ ಹೇಳುತ್ತಾನೆ ಅಂತ ನಂಬುವವರು ಒಮ್ಮೆ ಬಾರ್ ಮುಂದೆ ರಾತ್ರಿ ಹನ್ನೊಂದಕ್ಕೆ ನಿಂತು ಕೇಳಿಸಿಕೊಳ್ಳಬೇಕು.

ಹಾಗಾದರೆ ನನ್ನ ಕೆಲಸ ಏನು? ಕೊಂದವರು ಯಾರು ಅಂತ ಹುಡುಕುವುದು ಪೊಲೀಸರ ಪಾಲು. ನನ್ನನ್ನು ಕೇಳುವ ಪ್ರಶ್ನೆ ಬೇರೆ. ಆ ಹೊತ್ತಿನಲ್ಲಿ ಈತನಿಗೆ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅನ್ನುವ ಅರಿವಿತ್ತೇ? ಮನಸ್ಸಿನ ಕಾಯಿಲೆ ಇರುವ ಆರೋಪಿಗಳ ಬಗ್ಗೆ ಐಪಿಸಿಯ 84ನೇ ಕಲಂ ಇದನ್ನೇ ಕೇಳುತ್ತಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಆಗಿದೆ. ಕಷ್ಟ ಏನೆಂದರೆ, ಆತ ನನ್ನೆದುರು ಕೂರುವುದು ಘಟನೆ ನಡೆದು ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಮಾತ್ರೆ ಶುರುವಾಗಿರುತ್ತದೆ, ಜೈಲಿನ ಊಟ ಹಿಡಿಸಿರುತ್ತದೆ, ಅಕ್ಕಪಕ್ಕದ ಖೈದಿಗಳು ಹತ್ತು ಥರ ಹೇಳಿಕೊಟ್ಟಿರುತ್ತಾರೆ. ಇವತ್ತಿನ ಮನುಷ್ಯನನ್ನು ನೋಡಿ ಅವತ್ತಿನ ಮನಸ್ಸಿನ ಬಗ್ಗೆ ಬರೆಯಬೇಕು. ಆಮೇಲೆ ಕಟಕಟೆಯಲ್ಲಿ ನಿಂತು ಪಾಟೀಸವಾಲು ಎದುರಿಸಬೇಕು. "ನೀವು ಕಾದಂಬರಿ ಬರೀತೀರಂತೆ, ಇದೂ ಕಾದಂಬರಿನೇನಾ ಮೇಡಂ?" ಅಂತ ಒಬ್ಬ ವಕೀಲರು ಕೇಳಿದರು. ಕೋರ್ಟು ನಕ್ಕಿತು. ನಾನೂ ನಕ್ಕೆ, ಆದರೆ ಆ ಮಾತು ಮನೆವರೆಗೂ ಜೊತೆಗೇ ಬಂತು.

ಯಾಕೆಂದರೆ ಪ್ರಶ್ನೆಯ ಒಂದು ಪದ ಬದಲಾದರೂ ನೆನಪು ಬದಲಾಗುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ತುಣುಕು ತೋರಿಸಿದರು. ಒಂದು ಗುಂಪಿಗೆ, ಕಾರುಗಳು ಗುದ್ದಿ ನುಜ್ಜುಗುಜ್ಜಾದಾಗ ಎಷ್ಟು ವೇಗ ಇತ್ತು ಅಂತ ಕೇಳಿದರು. ಇನ್ನೊಂದು ಗುಂಪಿಗೆ ಬರೀ ತಾಗಿದಾಗ ಅನ್ನುವಂಥ ಮೆತ್ತನೆ ಪದ. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರೆ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು, ಎರಡನೆಯದರಲ್ಲಿ 7 ಮಂದಿ. ಅಸಲಿಗೆ ಗಾಜು ಒಡೆದಿರಲೇ ಇಲ್ಲ. ಅದಕ್ಕೇ ನಾನು "ಅವತ್ತು ರಾತ್ರಿ ಜಗಳ ಯಾಕಾಯ್ತು?" ಅಂತ ಶುರು ಮಾಡುವುದಿಲ್ಲ. ಜಗಳ ಅನ್ನುವ ಪದ ನಾನು ಕೊಟ್ಟಿದ್ದಾಗುತ್ತದೆ.

ಹೊಡೆತ ತಿಂದ ಹೆಂಗಸರ ಜೊತೆ ಕೂತಾಗ ನಾನು ಕೇಳುವ ಮೊದಲ ಪ್ರಶ್ನೆ ಇದು: "ತವರಿಗೆ ಹೋಗಿದ್ದು ಯಾವಾಗಮ್ಮ?" ಇದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಕೇಳಿ ಕೇಳಿ ಬಂದಿದ್ದು. ಬೆರಳು ಎಣಿಸುತ್ತಾರೆ. ಮೊದಲ ವರ್ಷ ಗೌರಿ ಹಬ್ಬಕ್ಕೆ ಹೋಗಿದ್ದೆ. ಆಮೇಲೆ ತಂಗಿ ಬಾಣಂತನಕ್ಕೆ ಎರಡು ದಿನ. ಆಮೇಲೆ ತವರಿನವರೇ ಬಂದು ನೋಡಿಕೊಂಡು ಹೋಗಲಿ ಅಂತ ಗಂಡ ಅಂದ. ಆಮೇಲೆ ಅವರು ಬಂದಾಗ ಈತ ಮುಖ ಗಂಟಿಕ್ಕಿಕೊಂಡಿದ್ದ, ಅದಕ್ಕೆ ಅವರೂ ಬರುವುದನ್ನು ಬಿಟ್ಟರು. ನಡುನಡುವೆ ಮೊಬೈಲ್ ಅವನ ಕೈಗೆ ಹೋಯಿತು, ಎಟಿಎಂ ಕಾರ್ಡ್ ಹೋಯಿತು, ಚೀಟಿ ದುಡ್ಡು ಹೋಯಿತು. ಯಾವುದೂ ಪೊಲೀಸ್ ಕಂಪ್ಲೇಂಟ್ ಕೊಡುವಂಥದ್ದಲ್ಲ. ಒಂದೊಂದೂ ಪ್ರೀತಿಯ ಹೆಸರಲ್ಲೇ ಆಗಿರುತ್ತದೆ.

ಎರಡನೇ ಪ್ರಶ್ನೆ ಕೇಳುವಾಗ ನನ್ನ ದನಿ ತಾನಾಗೇ ತಗ್ಗುತ್ತದೆ. "ಯಾವತ್ತಾದ್ರೂ ಕತ್ತು ಹಿಸುಕಿದ್ದಾನಾ?" ಅಮೆರಿಕದಲ್ಲಿ 2008ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಸಂಗಾತಿ ಒಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅವನ ಕೈಯಲ್ಲೇ ಆಕೆ ಕೊಲೆಯಾಗುವ ಸಂಭವ ಏಳು ಪಟ್ಟು ಹೆಚ್ಚು. ಎಷ್ಟೋ ಸಲ ಕತ್ತಿನ ಮೇಲೆ ಗುರುತೂ ಇರುವುದಿಲ್ಲ. "ಸಿಟ್ಟಲ್ಲಿ ಒಂದ್ಸಲ ಹಿಡ್ಕೊಂಡಿದ್ರು, ಬಿಟ್ರು" ಅನ್ನುತ್ತಾರೆ. ಆ "ಬಿಟ್ರು" ಕೇಳಿದಾಗ ನಾನು ಪೆನ್ನು ಕೆಳಗಿಡುತ್ತೇನೆ. ಈ ಕಾರ್ಯಕ್ರಮ ಕೇಳುತ್ತಿರುವ ಯಾರಿಗಾದರೂ ಇದು ತಮ್ಮದೇ ಕಥೆ ಅನ್ನಿಸಿದರೆ, 181 ಮಹಿಳಾ ಸಹಾಯವಾಣಿ ಇದೆ. ಮನೆ ಬಿಡುತ್ತೇನೆ ಅಂತ ಹೇಳಿದ ಹೊತ್ತೇ ಅಪಾಯ ಜಾಸ್ತಿ. ಹೇಳುವ ಮೊದಲೇ ಯಾರಿಗಾದರೂ ತಿಳಿಸಿಡಿ.

ಇನ್ನು ಥ್ರಿಲ್ಲರ್ ಬರೆಯುವ ವಿಷಯ. ಮೊದಲನೆಯದು ಬರೆದಾಗ ನಾನೂ ಎಲ್ಲರಂತೆ ಮಳೆ, ಕತ್ತಲು, ಕಪ್ಪು ರೇನ್‌ಕೋಟಿನ ಅಪರಿಚಿತ, ಎಲ್ಲ ಹಾಕಿದೆ. ಚೆನ್ನಾಗಿ ಓದಿಸಿಕೊಂಡು ಹೋಯಿತು. ಈಗ ತೆಗೆದರೆ ನಾಚಿಕೆಯಾಗುತ್ತದೆ. ನನ್ನ ಎದುರು ಕೂತವರಲ್ಲಿ ರೇನ್‌ಕೋಟಿನ ಅಪರಿಚಿತ ಒಬ್ಬನೂ ಇರಲಿಲ್ಲ, ಭಾವ ಇದ್ದ, ಪಾಲುದಾರ ಇದ್ದ, ಗಂಡ ಇದ್ದ. ನಮ್ಮಲ್ಲಿ ಪತ್ರಿಕೆಗಳು ಸಯನೈಡ್ ಮಲ್ಲಿಕಾ ಅಂತ ಕರೆದ ಮಹಿಳೆಯನ್ನೇ ತಗೊಳ್ಳಿ. ಸರಣಿ ಕೊಲೆ ಅಂದರೆ ಅಪರಿಚಿತರದ್ದು ಅಂದುಕೊಳ್ಳುತ್ತೇವೆ. ಆಕೆ ಮಾಡಿದ್ದು, ದೇವಸ್ಥಾನಕ್ಕೆ ದುಃಖ ಹೊತ್ತು ಬಂದ ಹೆಂಗಸರ ಜೊತೆ ಕೂತು ಕಷ್ಟ ಕೇಳಿದ್ದು, ಪರಿಹಾರಕ್ಕೆ ಪೂಜೆ ಮಾಡಿಸೋಣ ಒಡವೆ ಹಾಕಿಕೊಂಡು ಬನ್ನಿ ಅಂದಿದ್ದು. ವಿಷ ಕೊನೆಗೆ ಬಂತು. ಅದಕ್ಕೂ ಮೊದಲು ಸ್ನೇಹ ಬಂದಿತ್ತು.

ಹಾಗಾಗಿ ಈಗ ಬರೆಯುತ್ತಿರುವ ಕಾದಂಬರಿಯಲ್ಲಿ ಕೊಲೆಗಾರ ಯಾರು ಅಂತ ಮೊದಲ ಪುಟದಲ್ಲೇ ಹೇಳಿದ್ದೇನೆ. ಕೊಲೆ ಆಗುವುದು 200 ಪುಟ ದಾಟಿದ ಮೇಲೆ. ಪ್ರಕಾಶಕರಿಗೆ ಗಾಬರಿ, ಓದುಗರು ಕಾಯ್ತಾರಾ ಅಂತ. ನಾನು ನೋಡಿದ ಯಾವ ಕೇಸನ್ನೂ ಅದರಲ್ಲಿ ಹಾಕಿಲ್ಲ, ಹಾಕಬಾರದು. ನಂಬಿ ಹೇಳಿದವರ ಮಾತು ಅದು. ಒಬ್ಬಳ ಮೊಬೈಲು, ಇನ್ನೊಬ್ಬಳ ಚೀಟಿ ದುಡ್ಡು ಅಂತ ಜೋಡಿಸುವುದಕ್ಕೂ ಮನಸ್ಸು ಬರಲಿಲ್ಲ. ಎಲ್ಲ ಹೊಸದಾಗಿ ಕಟ್ಟಿದೆ. ಕಟ್ಟಿದ್ದು ಅಂತ ಓದುವವರಿಗೆ ತಿಳಿಯುತ್ತದೆ ಅಂತಲೇ ಅಂದುಕೊಂಡಿದ್ದೆ.

ಮೈಸೂರಿನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಮೊದಲ ನೂರು ಪುಟ ಕೊಟ್ಟೆ. ಮಧ್ಯಾಹ್ನ ಊಟ ಆದ ಮೇಲೆ ಕೂತವರು ನಾಲ್ಕು ಗಂಟೆಯವರೆಗೆ ಏಳಲಿಲ್ಲ. ಆಮೇಲೆ ಕನ್ನಡಕ ತೆಗೆದು, "ಇದು ನಿಂಗೆ ಯಾರು ಹೇಳಿದ್ರೇ?" ಅಂದರು. ಯಾರೂ ಹೇಳಿಲ್ಲ, ನಾನೇ ಬರೆದಿದ್ದು ಅಂದೆ. "ಸುಮ್ನಿರು. ನಮ್ಮ ಹಿಂದಿನ ಬೀದಿಲಿ ಆ ಮೂಲೆ ಮನೆ ಸೊಸೆ ಕಥೆ ಇದು. ಅವಳು ದಸರಾಕ್ಕೆ ತವರಿಗೆ ಹೋಗಿ ಎಷ್ಟು ವರ್ಷ ಆಯ್ತು ಅಂತ ನಾನೀಗ ಲೆಕ್ಕ ಹಾಕ್ತಿದ್ದೆ."

ಉಳಿದ ಪುಟ ಅವರು ಕೇಳಲಿಲ್ಲ. ಮರುದಿನ ಫೋನ್ ಮಾಡಿದಾಗ ಚಿಕ್ಕಪ್ಪ ಎತ್ತಿದರು. ಚಿಕ್ಕಮ್ಮ ಎಲ್ಲಿ ಅಂದೆ. ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಹಿಂದಿನ ಬೀದಿಗೆ ಹೋದವಳು ಒಂದು ಗಂಟೆಯಾದರೂ ಬಂದಿಲ್ಲ ಅಂದರು.

ನಮಸ್ಕಾರ.