ಕಾಲುವೆ ಮೇಲೆ ಸೋಲಾರ್: ನಮ್ಮ ವಿಜಯಪುರಕ್ಕೆ ಹೊಂದುತ್ತಾ?

ನಮಸ್ಕಾರ ರೀ ಎಲ್ಲರಿಗೂ. ಇತ್ತೀಚೆಗೆ ಓದಿದ್ದರಲ್ಲಿ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಕಾಲುವೆ ಮೇಲೆ ಸೋಲಾರ್ ಪ್ಯಾನೆಲ್ ಹಾಕುವುದು. ಅದಕ್ಕೇ ಇವತ್ತು ಮುಳವಾಡ ಏತ ನೀರಾವರಿ ಕಾಲುವೆ ಕಡೆ ಬಂದಿದ್ದೇನೆ.

2012ರಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ನರ್ಮದಾ ಕಾಲುವೆಯ ಒಂದು ಕವಲಿನ ಮೇಲೆ 1 ಮೆಗಾವ್ಯಾಟ್ ಪ್ಯಾನೆಲ್ ಹಾಕಿದರು. ಉದ್ದ ಸುಮಾರು 750 ಮೀಟರ್ ಅಷ್ಟೇ. ಅದಕ್ಕಾಗಿ ಯಾರ ಹೊಲವೂ ಹೋಗಲಿಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಲೆಕ್ಕ ಹಾಕಿದರು. ಅಲ್ಲಿನ ಸುಮಾರು 6,400 ಕಿಲೋಮೀಟರ್ ಕಾಲುವೆಗೆ ಹೀಗೆ ನೆರಳು ಮಾಡಿದರೆ ವರ್ಷಕ್ಕೆ 6,300 ಕೋಟಿ ಗ್ಯಾಲನ್ ನೀರು ಆವಿಯಾಗದೆ ಉಳಿಯುತ್ತದಂತೆ. ನಮ್ಮ ಮಾತಿನಲ್ಲಿ ಹೇಳಿದರೆ 8 ಟಿಎಂಸಿಗಿಂತ ಜಾಸ್ತಿ! ಹೋಲಿಸಿ ನೋಡೋಕೆ, ಆಲಮಟ್ಟಿ ಜಲಾಶಯ ತುಂಬಿದಾಗ ಸುಮಾರು 123 ಟಿಎಂಸಿ.

ಇಲ್ಲಿ ನೋಡಿ, ಕಾಂಕ್ರೀಟ್ ಮೇಲೆ ನೀರು ನಿಂತ ಗೆರೆ. ಅದರ ಕೆಳಗೆಲ್ಲ ಹಸಿರು ಪಾಚಿ. ಬಿಸಿಲು ಬೀಳದಿದ್ದರೆ ಪಾಚಿ ಇಷ್ಟು ಬೆಳೆಯಲ್ಲ. ಇನ್ನೊಂದು ಲಾಭ, ಪ್ಯಾನೆಲ್ ಕಾದಷ್ಟೂ ಕರೆಂಟ್ ಕಡಿಮೆ ಕೊಡುತ್ತದೆ. ಕೆಳಗೆ ನೀರು ಹರಿಯುತ್ತಿದ್ದರೆ ಸ್ವಲ್ಪ ತಂಪಾಗಿರುತ್ತದೆ. 40 ಡಿಗ್ರಿ ಬಿಸಿಲಿನ ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಈ ನೀರು ತಾನಾಗಿ ಹರಿದು ಬಂದಿದ್ದಲ್ಲ. ಕೃಷ್ಣೆಯಿಂದ ಪಂಪ್ ಹಚ್ಚಿ ಮೇಲೆತ್ತಿದ್ದು. ಅಷ್ಟು ಕರೆಂಟ್ ಸುಟ್ಟು ತಂದ ನೀರು ಬಿಸಿಲಿಗೆ ಆವಿಯಾಗಿ ಹೋದರೆ, ಕರೆಂಟೂ ಹೋಯಿತು, ನೀರೂ ಹೋಯಿತು. ಕಾಲುವೆ ಕೊನೆಯ ಹೊಲದವರು ಮಾತ್ರ "ನಮ್ಮ ತನಕ ನೀರು ಮುಟ್ಟೂದಿಲ್ರೀ" ಅನ್ನುತ್ತಲೇ ಇರುತ್ತಾರೆ. ಅದೇ ಕಾಲುವೆ ಪಂಪಿಗೆ ಒಂದಿಷ್ಟು ಕರೆಂಟ್ ಕೊಡುವಂತಾದರೆ?

ತೊಡಕುಗಳೂ ಇವೆ. ಕಬ್ಬಿಣದ ಕಂಬ, ತೊಲೆಗೆ ಖರ್ಚು ಜಾಸ್ತಿ. ಕಾಲುವೆ ಅಗಲವಾದಷ್ಟೂ ಖರ್ಚು ಏರುತ್ತದೆ. ಬಿರುಕಿನಲ್ಲಿ ಸೋರಿ ಹೋಗುವ ನೀರನ್ನು ಪ್ಯಾನೆಲ್ ತಡೆಯಲ್ಲ, ಅದಕ್ಕೆ ದುರಸ್ತಿಯೇ ಆಗಬೇಕು. ಹೂಳಿನ ಕಥೆ ಇನ್ನೂ ದೊಡ್ಡದು. ಮೇಲೆ ಚಪ್ಪರದಂತೆ ಮುಚ್ಚಿಬಿಟ್ಟರೆ ಜೆಸಿಬಿ ಕೈ ಚಾಚುವುದೆಲ್ಲಿ?

ಕ್ಯಾಲಿಫೋರ್ನಿಯಾದ ಟರ್ಲಾಕ್‌ನಲ್ಲಿ ಕಿರಿದಾದ ಕಾಲುವೆ, ಅಗಲವಾದ ಕಾಲುವೆ ಎರಡರ ಮೇಲೂ ಹಾಕಿ ನೋಡುತ್ತಿದ್ದಾರೆ. ನಮ್ಮಲ್ಲೂ ಮೊದಲು ಪಂಪ್‌ಹೌಸ್ ಹತ್ತಿರದ ಒಂದು ಸಣ್ಣ ಉಪಕಾಲುವೆ ಸಾಕು. ಹೂಳು ತೆಗೆಯಲು ನಡುನಡುವೆ ಜಾಗ ಬಿಡಲಿ. ಎಷ್ಟು ಯೂನಿಟ್ ಬಂತು, ಎಷ್ಟು ನೀರು ಉಳಿಯಿತು ಅಂತ ಅಲ್ಲೇ ಬೋರ್ಡ್ ಬರೆದು ಹಾಕಲಿ, ರೈತರೇ ಓದಿ ನೋಡಲಿ.