ದುಡ್ಡು ಬರದಿದ್ದರೂ ಬರೆದಿಡಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? ಸರಿ.

ಬಲಗಡೆ ಎಲೆಕ್ಟ್ರಾನಿಕ್ಸ್‌ನವರು, ಎಡಗಡೆ ಕೃಷಿ ಕಾಲೇಜಿನವರು, ಮದುವೆ ಮನೆಯಲ್ಲಿ ಗಂಡಿನ ಕಡೆ ಹೆಣ್ಣಿನ ಕಡೆ ಕೂತ ಹಾಗೆ ಕೂತಿದ್ದೀರಿ. ಒಳಗೆ ಬರುವಾಗ ಒಬ್ಬ ಹುಡುಗ ಕೇಳಿದ, "ಸರ್, ಪೇಟೆಂಟ್ ಮಾಡಿಸಿದ್ರೆ ಎಷ್ಟು ದುಡ್ಡು ಬರುತ್ತೆ?" ಅಂತ. ಬಹಳ ಸಲ ಏನೂ ಬರಲ್ಲಪ್ಪ. ಆದರೂ ಬರೆದಿಡಿ ಅಂತ ಹೇಳುವುದಕ್ಕೇ ನಾನು ಬಂದಿರುವುದು.

ಲಿಲಿಯನ್‌ಫೆಲ್ಡ್ ಕತೆ ಹೇಳುತ್ತೇನೆ. ಮೊದಲೇ ನನ್ನ ಬಾಯಲ್ಲಿ ಕೇಳಿದವರು ಸಹಿಸಿಕೊಳ್ಳಿ, ಇದನ್ನು ಬಿಟ್ಟು ನನಗೆ ಮಾತೇ ಬರಲ್ಲ. ಟ್ರಾನ್ಸಿಸ್ಟರ್, ಅಂದರೆ ಕರೆಂಟನ್ನು ಹತೋಟಿಯಲ್ಲಿಡುವ ಪುಟ್ಟ ಸಾಧನ, ಅಂದ ಕೂಡಲೇ ನಿಮಗೆ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯ, 1947ರ ಡಿಸೆಂಬರ್, ಅಲ್ಲಿನ ವಿಜ್ಞಾನಿಗಳಾದ ಬಾರ್ಡೀನ್, ಬ್ರಾಟೈನ್, ಶಾಕ್ಲಿ ನೆನಪಾಗುತ್ತಾರೆ, ಅಲ್ವಾ? ಅದಕ್ಕೆ 22 ವರ್ಷ ಮುಂಚೆ, 1925ರಲ್ಲಿ, ಜೂಲಿಯಸ್ ಲಿಲಿಯನ್‌ಫೆಲ್ಡ್ ಅನ್ನುವ ಭೌತವಿಜ್ಞಾನಿ ಕೆನಡಾದಲ್ಲಿ ಒಂದು ಪೇಟೆಂಟ್ ಅರ್ಜಿ ಹಾಕಿದರು. ಮರುವರ್ಷ ಅಮೆರಿಕದಲ್ಲೂ ಹಾಕಿದರು. ತಾಮ್ರದ ಸಲ್ಫೈಡಿನ ತೆಳು ಪದರ, ಅದರ ಹತ್ತಿರ ಒಂದು ಲೋಹದ ಹಾಳೆಯ ಅಂಚು. ಆ ಅಂಚಿಗೆ ವೋಲ್ಟೇಜ್ ಕೊಟ್ಟರೆ ಪದರದಲ್ಲಿ ಹರಿಯುವ ಕರೆಂಟ್ ಹೆಚ್ಚು ಕಮ್ಮಿ ಆಗಬೇಕು. ಇಷ್ಟೇ ವಿಷಯ. ನಿಮ್ಮ ಜೇಬಿನ ಫೋನಿನಲ್ಲಿ ಕೋಟಿಗಟ್ಟಲೆ ಇರುವುದು ಇದೇ ವಂಶದ್ದು, ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್.

ಅಮೆರಿಕದ ಪೇಟೆಂಟ್ 1930ರ ಜನವರಿ 28ಕ್ಕೆ ಸಿಕ್ಕಿತು. ಅದನ್ನು ಮಾಡಿ ಮಾರುಕಟ್ಟೆಗೆ ತಂದವರು ಯಾರೂ ಇಲ್ಲ. ಅಷ್ಟು ಶುದ್ಧವಾದ ಅರೆವಾಹಕವೇ, ಅಂದರೆ ಟ್ರಾನ್ಸಿಸ್ಟರ್ ಮಾಡುವ ಸೆಮಿಕಂಡಕ್ಟರ್ ವಸ್ತುವೇ, ಆಗ ಸಿಗುತ್ತಿರಲಿಲ್ಲ. ಮೆಟೀರಿಯಲ್ಸ್ ಓದುವವರು ಯಾರಾದರೂ ಇದ್ದೀರಾ? ಕೊನೆಗೆ ಎಲ್ಲಾ ನಿಮ್ಮ ತಲೆಗೇ ಬರುವುದು ನೋಡಿ! ಆ ಕಾಲಕ್ಕೆ ಅಲ್ಲಿ ಪೇಟೆಂಟಿನ ಅವಧಿ ಮಂಜೂರಾದ ದಿನದಿಂದ 17 ವರ್ಷ. ಲೆಕ್ಕ ಹಾಕಿ. 1947ರ ಜನವರಿಗೆ ಮುಗೀತು. ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಕೆಲಸ ಮಾಡಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಹನ್ನೊಂದು ತಿಂಗಳು, ಪಾಪ.

ಆದರೆ ಮಜಾ ಇರುವುದು ಆಮೇಲೆ. ಫೀಲ್ಡ್ ಎಫೆಕ್ಟ್ ಐಡಿಯಾ ತನ್ನದು ಅಂತ ಶಾಕ್ಲಿಗೆ ಹಕ್ಕು ಬೇಕಿತ್ತು. ವಕೀಲರು ಹಳೇ ಪೇಟೆಂಟುಗಳನ್ನು ತಡಕಿದರೆ ಅಲ್ಲಿ ಲಿಲಿಯನ್‌ಫೆಲ್ಡ್ ಕೂತಿದ್ದಾರೆ! ಮೊದಲೇ ಬರೆದಿಟ್ಟದ್ದಕ್ಕೆ ಹೊಸದಾಗಿ ಪೇಟೆಂಟ್ ಸಿಗಲ್ಲವಲ್ಲ, ಆ ಆಸೆ ಬಿಡಬೇಕಾಯಿತು. ಡಿಸೆಂಬರಿನಲ್ಲಿ ಕೆಲಸ ಮಾಡಿದ್ದು ಬೇರೆ ಥರದ್ದು, ಪಾಯಿಂಟ್ ಕಾಂಟ್ಯಾಕ್ಟ್ ಟ್ರಾನ್ಸಿಸ್ಟರ್; ಅದರ ಅರ್ಜಿ ಬಾರ್ಡೀನ್, ಬ್ರಾಟೈನ್ ಇಬ್ಬರ ಹೆಸರಲ್ಲೇ ಹೋಯಿತು, ಶಾಕ್ಲಿ ಹೆಸರು ಇಲ್ಲ. ಅವಧಿ ಮುಗಿದ ಕಾಗದ ಒಂದು ಪೈಸೆ ತರಲಿಲ್ಲ, ನಿಜ. ಆದರೆ ಇನ್ನೊಬ್ಬರು ಆ ಜಾಗಕ್ಕೆ ಬೇಲಿ ಹಾಕದ ಹಾಗೆ ತಡೆಯಿತು. ಅದಕ್ಕೇ ಬರೆದಿಡಿ ಅನ್ನುವುದು.

ಜಗದೀಶಚಂದ್ರ ಬೋಸರಿಗೆ ಪೇಟೆಂಟ್ ಅಂದರೆ ಆಗುತ್ತಿರಲಿಲ್ಲ. ಅವರ ಅಮೆರಿಕದ ಸ್ನೇಹಿತೆ ಸಾರಾ ಬುಲ್ ಮತ್ತು ಸೋದರಿ ನಿವೇದಿತಾ ಬೆನ್ನು ಹತ್ತಿದ್ದರಿಂದ 1901ರಲ್ಲಿ ರೇಡಿಯೋ ಅಲೆಗಳನ್ನು ಹಿಡಿಯುವ ಗೆಲೀನಾ ಹರಳಿನ (ಸೀಸದ ಅದಿರಿನ) ಡಿಟೆಕ್ಟರಿಗೆ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರಲ್ಲಿ ಮಂಜೂರಾಯಿತು. ಬೋಸರು ಅದರಿಂದ ದುಡ್ಡು ಮಾಡಲಿಲ್ಲ. ಆದರೆ ಅರೆವಾಹಕ ಸಾಧನದ ಮೊದಲ ಪೇಟೆಂಟ್ ಯಾವುದು ಅಂದರೆ ಇವತ್ತೂ ಎದೆ ಉಬ್ಬಿಸಿ ಅದನ್ನೇ ತೋರಿಸುತ್ತೇವೆ.

ಈಗ ಎಡಗಡೆಯವರಿಗೆ. ಎಚ್‌ಎಂಟಿ ಅಕ್ಕಿ ಗೊತ್ತಲ್ಲ? ಹೆಸರು ನಮ್ಮ ಜಾಲಹಳ್ಳಿ ವಾಚಿನದು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ದಾದಾಜಿ ಖೋಬ್ರಾಗಡೆ ಅಂತ ಸಣ್ಣ ರೈತರು. 1983ರಲ್ಲಿ ಅವರ ಗದ್ದೆಯಲ್ಲಿ, ಪಟೇಲ್-3 ತಳಿಯ ನಡುವೆ, ಬೇರೆ ಥರ ಕಾಣುವ ಮೂರು ತೆನೆ ಕಣ್ಣಿಗೆ ಬಿದ್ದವು. ನಾವಾಗಿದ್ದರೆ ಎಲ್ಲದರ ಜೊತೆ ಕೊಯ್ದು ಕಣಕ್ಕೆ ಹಾಕುತ್ತಿದ್ದೆವು. ಅವರು ಬೇರೆ ತೆಗೆದಿಟ್ಟರು, ವರ್ಷ ವರ್ಷ ಬಿತ್ತಿದರು, ಆರಿಸಿದರು. ಒಳ್ಳೆ ಸಣ್ಣಕ್ಕಿ ಬಂತು. ಭತ್ತ ಕೊಂಡ ವ್ಯಾಪಾರಿಗೆ ಹೆಸರು ಬೇಕಿತ್ತು, ಆಗ ಎಲ್ಲರ ಕೈಯಲ್ಲೂ ಇದ್ದ ವಾಚಿನ ಹೆಸರೇ ಅಕ್ಕಿಗೂ ಬಿತ್ತು. ಕೇಳಿದವರಿಗೆ ಬೀಜ ಕೊಟ್ಟರು. ಒಂದು ಕೃಷಿ ವಿಶ್ವವಿದ್ಯಾಲಯವೂ ಒಯ್ದು, ಶುದ್ಧ ಮಾಡಿ, ತನ್ನ ಹೆಸರು ಮುಂದೆ ಸೇರಿಸಿ ಬಿಡುಗಡೆ ಮಾಡಿತು. ದಾದಾಜಿ ಬರೆದಿಟ್ಟಿದ್ದರೂ ಆಗ ಆ ಪುಸ್ತಕ ತೆಗೆದುಕೊಂಡು ಹೋಗಲು ಒಂದು ಕಚೇರಿ ಇರಲಿಲ್ಲ. ತಳಿ ಮತ್ತು ರೈತರ ಹಕ್ಕಿನ ಕಾನೂನು ಬಂದದ್ದು 2001ರಲ್ಲಿ. ನಮ್ಮಲ್ಲಿ ತಳಿಗೆ ಪೇಟೆಂಟ್ ಇಲ್ಲ, ನೋಂದಣಿ ಇದೆ. ರೈತರೂ ಮಾಡಿಸಬಹುದು. ನಿಮ್ಮ ಅಪ್ಪ, ಅಜ್ಜ ಹೊಲದಲ್ಲಿ ಹಾಗೆ ಏನಾದರೂ ಆರಿಸಿ ಇಟ್ಟಿದ್ದರೆ ಈ ರಜೆಯಲ್ಲಿ ಹೋಗಿ ಸುಮ್ನೆ ಕೇಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎಚ್‌ಎಂಟಿಯೇ ಇರಬೇಕು, ತಪ್ಪು ತೋರಿಸಲ್ಲ. ಬೇಗ ಬೇಗ ಹೇಳಿಬಿಡುತ್ತೇನೆ.

ಅರಿಶಿನ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ನಮ್ಮಜ್ಜಿ ಹಚ್ಚುತ್ತಿದ್ದರು ಅಂದರೆ ನಡೆಯಲ್ಲ. ಆಗಿನ ಅಲ್ಲಿನ ಕಾನೂನಿಗೆ ಬೇರೆ ದೇಶದ ರೂಢಿ ಲೆಕ್ಕಕ್ಕಿಲ್ಲ, ಅಚ್ಚಾದದ್ದು ಬೇಕು. ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಸಂಸ್ಕೃತ ಗ್ರಂಥ, 1953ರ ವೈದ್ಯಕೀಯ ಪತ್ರಿಕೆಯ ಒಂದು ಲೇಖನ ಎಲ್ಲಾ ಮುಂದಿಟ್ಟ ಮೇಲೆ 1997ರಲ್ಲಿ ರದ್ದಾಯಿತು. ಅಜ್ಜಿಯರು ಗೆದ್ದದ್ದು ಯಾರೋ ಬರೆದಿಟ್ಟಿದ್ದರಿಂದ.

ನೀಲಿ ಎಲ್‌ಇಡಿ ಕತೆ ಬಿಟ್ಟೆ. ಹುಡುಗರಿಗೆ ಒಂದೇ ಮಾತು: ಅರ್ಜಿ ಹಾಕುವ ಮೊದಲು ಪ್ರಾಜೆಕ್ಟನ್ನು ರೀಲ್ಸ್‌ಗೆ ಹಾಕಬೇಡಿ. ರಬ್ಬರನ್ನು ಗಂಧಕ ಹಾಕಿ ಗಟ್ಟಿ ಮಾಡುವುದನ್ನು ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಮಾಡಿದ್ದು ಇದೇ ತಪ್ಪು. ಅವರ ಮಾದರಿ ತುಂಡುಗಳು ಇಂಗ್ಲೆಂಡಿಗೆ ಹೋದವು, ಅಲ್ಲಿ ಹ್ಯಾನ್ಕಾಕ್ ಅನ್ನುವವರು ಅವನ್ನು ನೋಡಿ, ಗಂಧಕದ ಜಾಡು ಹಿಡಿದು, ಗುಡ್‌ಇಯರ್‌ಗಿಂತ ಮೊದಲೇ ಅಲ್ಲಿ ಪೇಟೆಂಟಿಗೆ ಹಾಕಿದರು. ಗುಡ್‌ಇಯರ್ 1860ರಲ್ಲಿ ತೀರಿಕೊಂಡಾಗ ಉಳಿದದ್ದು ಸಾಲ. ಟಯರಿನ ಮೇಲೆ ಹೆಸರಿದೆಯಲ್ಲ ಅಂತೀರಾ? ಆ ಕಂಪನಿ ಶುರುವಾದದ್ದು 1898ರಲ್ಲಿ. ಹೆಸರು ಅವರದು, ಕಂಪನಿ ಅವರದಲ್ಲ.

ಕಾಫಿ ಬಂತು ಅನ್ನಿಸುತ್ತೆ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿರುವ ಹುಡುಗಿ, ಕೇಳಮ್ಮ.